ಚಿತ್ರದಲ್ಲಿ ಇಲ್ಲದ್ದು

ಚಿತ್ರವನ್ನೋ ಛಾಯಾಚಿತ್ರವನ್ನೋ ಮುಂದಿಟ್ಟುಕೊಂಡು ಕವಿತೆ ಕಟ್ಟಬಹುದೆ, ಕತೆ ಬರೆಯಬಹುದೆ ಎಂದು ಎಳೆಯ ಬರಹಗಾರರು ಕೇಳುವುದುಂಟು. ಧಾರಾಳವಾಗಿ ಬರೆಯಬಹುದು, ನಮ್ಮ ಪರಂಪರೆಗೆ ಇದು ಹೊಸದೇನೂ ಅಲ್ಲ. ಆದರೆ ಬಹುಮಂದಿ ಎಡವುವುದು ಮೊದಲ ಹೆಜ್ಜೆಯಲ್ಲಿಯೇ. ಕಣ್ಣಿಗೆ ಕಂಡದ್ದನ್ನೆಲ್ಲ ಮಾತಿನಲ್ಲಿ ಮತ್ತೊಮ್ಮೆ ಬರೆದಿಡುತ್ತಾರೆ. ಕುಂಚವು ಮಾಡಿ ಮುಗಿಸಿದ ಕೆಲಸವನ್ನು ಲೇಖನಿಯೂ ಮಾಡಿದರೆ ಪ್ರಯೋಜನವೇನು? ಚಿತ್ರ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಬರಹ ಹೊರಡಬೇಕು ಎಂಬುದು ನನ್ನ ಅಭಿಪ್ರಾಯ.

ಕಾಳಿದಾಸನ ಶಾಕುಂತಲದ ಆರನೆಯ ಅಂಕವನ್ನು ನೆನೆಯಿರಿ. ಪಶ್ಚಾತ್ತಾಪದಿಂದ ಬೆಂದ ದುಷ್ಯಂತ ತಾನೇ ಬರೆದ ಶಕುಂತಲೆಯ ಚಿತ್ರವನ್ನು ನೋಡುತ್ತಿದ್ದಾನೆ. ಇನ್ನು ಬರೆಯಬೇಕಾದುದು ಏನುಳಿದಿದೆ ಎಂಬ ಪ್ರಶ್ನೆ ಬಂದಾಗ ಅವನು ಇಲ್ಲದ್ದನ್ನೇ ಎಣಿಸತೊಡಗುತ್ತಾನೆ: ಮಾಲಿನೀ ನದಿ, ಅದರ ಮರಳಿನಲ್ಲಿ ಹಂಸಗಳು, ನಾರುಮಡಿ ತೂಗುವ ಮರ, ಅದರ ಕೆಳಗೆ ಜಿಂಕೆಗಳು. ಆ ಇಲ್ಲದ ಮರ, ಇಲ್ಲದ ನದಿಗಳೇ ಅವನು ಕಳೆದುಕೊಂಡದ್ದು ಏನೆಂಬುದನ್ನು ನಮಗೆ ತಿಳಿಸುತ್ತವೆ. ನಮ್ಮ ಡಿ. ವಿ. ಗುಂಡಪ್ಪನವರು ಬೇಲೂರಿನ ಮದನಿಕೆಯರನ್ನು ಕುರಿತು ‘ಅಂತಃಪುರ ಗೀತೆ’ ರಚಿಸಿದರು. ಶಿಲ್ಪಿಯ ಕಲ್ಲಿನಲ್ಲಿ ಭಂಗಿಯಿತ್ತು, ಒಡವೆಯಿತ್ತು, ದನಿ ಇರಲಿಲ್ಲ. ಕವಿ ಕೊಟ್ಟದ್ದು ದನಿಯನ್ನು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಸೀಮೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನು ನಾನು. “ಸರ್, ನಮ್ಮ ಕಡೆ ಬರಿಯಾಕ ಏನೈತ್ರಿ? ಬರೀ ಎರಿ ಹೊಲ, ಬಿಸಲು” ಎಂದು ಹುಡುಗರು ಹೇಳುತ್ತಿದ್ದರು. ಅವರ ಮಾತಿಗೆ ಈ ಸೀಮೆಯೇ ಉತ್ತರ ಕೊಟ್ಟಿದೆ.

ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳ ಚಿತ್ರವನ್ನು ಯಾರೂ ಬರೆದಾರು. ಆಕೆಯ ಹಾಡು ಚಿತ್ರಕ್ಕೆ ಸಿಕ್ಕದು. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಆ ಹಾಡಿಗೆ ಕಿವಿಗೊಟ್ಟುದರಿಂದ 1931ರಲ್ಲಿ ‘ಗರತಿಯ ಹಾಡು’ ನಮಗೆ ದೊರೆಯಿತು.

ವಿಜಯಪುರದಿಂದ ಸಿಂದಗಿಗೆ ಹೋಗುವ ಹಾದಿಯಲ್ಲಿ ಕುಮಟಗಿ ಇದೆ. ಆದಿಲ್‌ಶಾಹಿ ಕಾಲದ ಅಲ್ಲಿಯ ಜಲಮಹಲಿನ ಗೋಡೆಗಳ ಮೇಲೆ ಕುದುರೆಯೇರಿ ಚೆಂಡಾಡುವವರು, ಸೆಣಸುವ ಮಲ್ಲರು ಇದ್ದಾರೆ. ಹೆನ್ರಿ ಕಸೆನ್ಸ್ 1916ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಚಿತ್ರಗಳನ್ನು ದಾಖಲಿಸಿದ್ದಾನೆ. ಇಂದು ಅವು ಮಾಸಿ, ಗಾರೆ ಉದುರಿ, ಅಲ್ಲೊಂದು ತೋಳು ಇಲ್ಲೊಂದು ಕುದುರೆಯ ಕತ್ತು ಎಂಬಂತಾಗಿವೆ. ಇದು ದುಃಖದ ಸಂಗತಿಯೇ ಸರಿ. ಆದರೆ ಮಲ್ಲನ ಎದುರಾಳಿ ಅಳಿಸಿಹೋದೆಡೆಯಲ್ಲಿ ನಿಂತು, ಇವನು ಯಾರೊಡನೆ ಸೆಣಸುತ್ತಿದ್ದಾನೆ ಎಂದು ಕೇಳಿಕೊಂಡವನಿಗೆ ಒಂದು ಕತೆ ಹೊಳೆಯದೆ ಇರದು.

ಮುದ್ದೇಬಿಹಾಳದತ್ತ ಬನ್ನಿ. 1565ರ ಜನವರಿಯ ಮಹಾಯುದ್ಧಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿಗಳು ಇಲ್ಲಿಯವು. ಅಹಮದನಗರದ ಹುಸೇನ್ ನಿಜಾಮಶಹನನ್ನು ಹೊಗಳಿ ಆಫ್ತಾಬಿ ಎಂಬ ಕವಿ ರಚಿಸಿದ ಪಾರಸಿ ಕಾವ್ಯದ ಸಚಿತ್ರ ಹಸ್ತಪ್ರತಿ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ರಾಮರಾಯನ ಶಿರಚ್ಛೇದದ ಚಿತ್ರ ಅದರಲ್ಲಿದೆ. ಅದು ಗೆದ್ದವರು ಬರೆಯಿಸಿದ ಚಿತ್ರ. ಸೋತವನ ಮನಸ್ಸು ಅದರಲ್ಲಿಲ್ಲ. ಚಿತ್ರಕಾರನು ಬಿಟ್ಟ ಆ ರಾಮರಾಯನನ್ನು ಗಿರೀಶ ಕಾರ್ನಾಡರು 2018ರ ‘ರಾಕ್ಷಸ-ತಂಗಡಿ’ ನಾಟಕದಲ್ಲಿ ರಂಗಕ್ಕೆ ತಂದರು. ಇನ್ನೂ ಒಬ್ಬ ಉಳಿದಿದ್ದಾನೆ. ಜನವರಿಯೆಂದರೆ ನಮ್ಮ ಎರೆಯಲ್ಲಿ ಬಿಳಿಜೋಳ ತೆನೆ ಕಟ್ಟಿ ನಿಲ್ಲುವ, ಮಂದಿ ಸೀತನಿ ತಿನ್ನುವ ಕಾಲ. ಆನೆ ಕುದುರೆಗಳು ತುಳಿದ ಆ ಹೊಲದ ಒಕ್ಕಲಿಗ ಅಂದು ಎಲ್ಲಿದ್ದ? ಅವನನ್ನು ಬರೆಯುವವರು ಇನ್ನು ಬರಬೇಕು.

ಬಸವನಬಾಗೇವಾಡಿಯ ಸೀಮೆಯಲ್ಲಿ ಆಲಮಟ್ಟಿಯಿದೆ. 1964ರಲ್ಲಿ ಅಡಿಗಲ್ಲು ಬಿದ್ದ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಕೃಷ್ಣೆಯ ದಂಡೆಯ ಅನೇಕ ಊರುಗಳು ಮುಳುಗಿದವು. ಅಂಥ ಒಂದು ಊರಿನ ವಿದ್ಯಾರ್ಥಿನಿ ತನ್ನ ಅಜ್ಜಿ ಹಳೆಯ ಮನೆಯ ಬಾಗಿಲಲ್ಲಿ ನಿಂತ ಫೋಟೋ ತಂದಿದ್ದಳು. ಸೀರೆಯ ಅಂಚು, ಬಾಗಿಲಿನ ಕೆತ್ತನೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬಣ್ಣಿಸಿದ್ದಳು. “ಇದರಲ್ಲಿ ಇಲ್ಲದ್ದನ್ನು ಅಜ್ಜಿಯನ್ನೇ ಕೇಳಿ ಬಾರಮ್ಮಾ” ಎಂದೆ. ಅಜ್ಜಿ ಹೇಳಿದ್ದು ಇಷ್ಟು: “ಬಾಗಿಲಾ ಕಿತ್ತು ತಂದೀವಿ, ಹೊಸಾ ಮನಿಗೂ ಅದ ಐತಿ. ಆದ್ರ ಅಲ್ಲಿ ತೆಗದ್ರ ಹೊಳಿ ಕಾಣತಿತ್ತು.” ಹುಡುಗಿ ಮುಂದೆ ಬರೆದ ಒಂದೂವರೆ ಪುಟ ನಿಜವಾದ ಸಾಹಿತ್ಯವಾಗಿತ್ತು.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿದೆ. ನೀರು ಏರಿದ ದಿನ ಇನ್ನಷ್ಟು ಊರುಗಳು ಮುಳುಗುತ್ತವೆ. ಕುಟುಂಬದ ಫೋಟೋಗಳೇನೋ ಗಂಟುಮೂಟೆಯೊಡನೆ ಹೊಸ ಮನೆಗೆ ಹೋಗುತ್ತವೆ. ಆದರೆ ಫೋಟೋದಲ್ಲಿ ನಿಂತವರು ಯಾರು, ಅವರು ಯಾವ ಕಡೆ ನೋಡುತ್ತಿದ್ದರು, ಆ ಕಡೆ ಏನಿತ್ತು ಎಂದು ಹೇಳಬಲ್ಲ ಹಿರಿಯರು ಬಹುಕಾಲ ಇರುವುದಿಲ್ಲ. ಹೇಳುವವರು ಹೋದ ಮೇಲೆ ಉಳಿಯುವುದು ಬರಿಯ ಕಾಗದ.

ಆದುದರಿಂದ ಬರೆಯುವ ಹಂಬಲವುಳ್ಳ ಗೆಳೆಯರಲ್ಲಿ ನನ್ನದೊಂದು ಬಿನ್ನಹ. ದೂರದ ಚಿತ್ರಶಾಲೆಗಳಿಗೆ ಆಮೇಲೆ ಹೋದೀರಂತೆ. ನಿಮ್ಮ ಪಡಸಾಲೆಯ ಗೋಡೆಯ ಮೇಲಿರುವ ಪಟವನ್ನು ಮೊದಲು ಕೆಳಗಿಳಿಸಿರಿ. ಧೂಳು ಒರೆಸಿ, ಮನೆಯ ಹಿರಿಯರ ಕೈಗೆ ಕೊಡಿರಿ. ಅವರು ಹೇಳುವುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಕವಿತೆಯೋ ಕತೆಯೋ, ಅದು ಅಲ್ಲಿಂದ ಮುಂದಿನ ಮಾತು.