ತೀರ್ಪಿಗೆ ಮುಂಚಿನ ಸೆರೆ

ಮುಂಬೈಯ ಆರ್ಥರ್ ರಸ್ತೆ ಜೈಲಿನ ಅಧಿಕೃತ ಸಾಮರ್ಥ್ಯ 2020ರಲ್ಲಿ 804 ಇತ್ತು. ಒಳಗಿದ್ದವರು ಮೂರು ಸಾವಿರ ಮೀರಿದ್ದೂ ಉಂಟು. ಹೆಚ್ಚಿನವರು ವಿಚಾರಣೆ ಮುಗಿಯದವರು. ಹಾಗೆ ತುಂಬಿದ ಬ್ಯಾರಕ್ಕಿನಲ್ಲಿ ರಾತ್ರಿ ಮಗ್ಗುಲು ಬದಲಿಸಬೇಕಾದರೆ ಪಕ್ಕದವನೂ ಹೊರಳಬೇಕು. ಒಬ್ಬನಿಗೆ ಕಜ್ಜಿ ಹತ್ತಿದರೆ ಸಾಲಿಗೆಲ್ಲ ಹತ್ತುತ್ತದೆ. 2020ರ ಮೇ ತಿಂಗಳಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಕೈದಿಗಳಿಗೆ ಕೋವಿಡ್ ಹರಡಿತು. ಕಟ್ಟಡ ಸಾಲದು ಎಂದುಬಿಡುವುದು ಸುಲಭ. ಆದರೆ ಇಂಥ ಜೈಲು ತುಂಬುವುದೂ ಬರಿದಾಗುವುದೂ ಕೋರ್ಟಿನ ಕಾಗದದಿಂದ. ವಾರಂಟಿನೊಡನೆ ಬಂದವನನ್ನು ಜಾಗವಿಲ್ಲವೆಂದು ಸೂಪರಿಂಟೆಂಡೆಂಟರು ವಾಪಸು ಕಳಿಸುವಂತಿಲ್ಲ. ಆದೇಶವಿಲ್ಲದೆ ಒಬ್ಬನನ್ನೂ ಬಿಡುವಂತಿಲ್ಲ.

ವಿಚಾರಣಾಧೀನ ಕೈದಿ ಅಪರಾಧಿಯಲ್ಲ ಎಂಬುದು 1894ರ ಕಾರಾಗೃಹ ಕಾಯ್ದೆಗೂ ಗೊತ್ತಿತ್ತು. ಅವನನ್ನು ಶಿಕ್ಷೆಯಾದವರಿಂದ ಬೇರೆ ಇಡಬೇಕು, ಹೊರಗಿನಿಂದ ಊಟ, ಬಟ್ಟೆ ತರಿಸಿಕೊಳ್ಳಲು ಬಿಡಬೇಕು ಎಂದಿತು. ಎಷ್ಟು ದಿನ ಇಡಬಹುದೆಂದು ಮಾತ್ರ ಹೇಳಲಿಲ್ಲ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದ್ದ ಮ್ಯಾಜಿಸ್ಟ್ರೇಟರು, ಆಸ್ತಿ ಬೇರೆ ಜಿಲ್ಲೆಯದೆಂದು ಅವನ ಸಹೋದರನನ್ನು ಜಾಮೀನುದಾರನಾಗಿ ಒಪ್ಪಿರಲಿಲ್ಲ! ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ತಳ್ಳಿಹಾಕಿದರು. ಮರುವರ್ಷ ಹುಸೇನಾರಾ ಖಾತೂನ್ ಪ್ರಕರಣದಲ್ಲಿ, ಆರೋಪ ಸಾಬೀತಾಗಿದ್ದರೂ ಶಿಕ್ಷೆಯಾಗಿ ಸಿಗದಷ್ಟು ಕಾಲ ಬಿಹಾರದ ಜೈಲುಗಳಲ್ಲಿ ಕೊಳೆತವರು ಬೆಳಕಿಗೆ ಬಂದರು. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯೊಳಗಿನ ಹಕ್ಕೆಂದು ನ್ಯಾಯಮೂರ್ತಿ ಭಗವತಿ ಸಾರಿದರು. ಆಮೇಲೂ, 2022ರ ಕೊನೆಗೆ ದೇಶದ 5,73,220 ಕೈದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರೇ.

ಬಿಟ್ಟರೆ ಓಡಿಹೋಗುತ್ತಾರೆ, ಸಾಕ್ಷಿಗಳನ್ನು ಬೆದರಿಸುತ್ತಾರೆ ಎನ್ನುವವರಿದ್ದಾರೆ. ಕೆಲವರ ಮಟ್ಟಿಗೆ ನಿಜ. ಆದರೆ ಜಾಮೀನು ಮಂಜೂರಾಗಿಯೂ ಜಾಮೀನುದಾರ ಸಿಗದೆ ಒಳಗೇ ಉಳಿದವನನ್ನು ಹೊರಗೆ ಬಿಡಬಹುದೆಂದು ಕೋರ್ಟೇ ಒಪ್ಪಿದೆಯಲ್ಲ? ಅಂಥವನು ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಿ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜೈಲುಗಳಿಗೆ ಹೇಳಬೇಕಾಯಿತು. ಇನ್ನು ಹೊಸ ಜೈಲಿನ ಮಾತು. ಮಲಗಲು ನೆಲ ಬೇಕು, ಕಟ್ಟಲಿ. ಆದರೆ ಬೆಂಗಾವಲಿಗೆ ಪೊಲೀಸರಿಲ್ಲದೆ ಕೈದಿ ಕೋರ್ಟಿಗೆ ಹೋಗದಿದ್ದರೆ ವಾಯಿದೆ ಮುಂದಕ್ಕೆ ಹೋಗುತ್ತದೆ, ಹೊಸ ಬ್ಯಾರಕ್ಕೂ ತುಂಬುತ್ತದೆ. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಮರಣದಂಡನೆ ಮತ್ತು ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಹೊರತುಪಡಿಸಿ, ಹಿಂದೆ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಿಡಬೇಕೆನ್ನುತ್ತದೆ. ಅರ್ಜಿ ಹಾಕುವ ಹೊಣೆ ಸೂಪರಿಂಟೆಂಡೆಂಟರದೇ. ಆದರೆ ಒಂದಕ್ಕಿಂತ ಹೆಚ್ಚು ಅಪರಾಧಗಳ ವಿಚಾರಣೆ ಬಾಕಿಯಿದ್ದರೆ ಈ ಸೌಲಭ್ಯವಿಲ್ಲ. ಒಂದೇ ಕಳವಿಗೆ ಮೂರು ನಾಲ್ಕು ಕಲಂ ಜಡಿದ ಚಾರ್ಜ್‌ಶೀಟಿನ ಮುಂದೆ ಆ ಅರ್ಜಿ ಎಷ್ಟು ಹೊತ್ತು ನಿಂತೀತು?