ಔಷಧಿ ನೇರ ಶ್ವಾಸಕೋಶಕ್ಕೇ ಹೋದರೆ ಸಾಕಾ?

ನಾನು ಪುಣೆಯ ಹಿಂಜವಡಿಯಲ್ಲಿ ಕೋಡ್ ಬರೆಯೋನು, ಡಾಕ್ಟರ್ ಅಲ್ಲ. ಇವತ್ತು ಹೇಳೋದೆಲ್ಲ ಐಸಿಯು ಬಾಗಿಲಲ್ಲಿ ಕೂತು ಕಲಿತದ್ದು.

ಧಾರವಾಡದಿಂದ ನಮ್ಮನೆಗೆ ಬಂದಿದ್ದ ಅಪ್ಪನಿಗೆ ಸ್ಟ್ರೋಕ್ ಆಗಿ ವೆಂಟಿಲೇಟರ್ ಹಾಕಿದ್ರು. ಆರನೇ ದಿನ ಜ್ವರ, ಟ್ಯೂಬಿನಲ್ಲಿ ಹಳದಿ ಕಫ. ನ್ಯುಮೋನಿಯಾ. ಗಂಟಲಲ್ಲಿ ಟ್ಯೂಬ್ ಇದ್ದಾಗ ಸರಿಯಾಗಿ ಕೆಮ್ಮೋಕೆ ಆಗಲ್ಲ, ಬಾಯಲ್ಲಿರೋ ಕ್ರಿಮಿಗಳು ಅದರ ಪಕ್ಕದಿಂದಲೇ ಜಿನುಗಿ ಕೆಳಗಿಳಿಯುತ್ತವೆ. ಕಲ್ಚರ್ ರಿಪೋರ್ಟ್ ಬಂತು: ಅಸಿನೆಟೊಬ್ಯಾಕ್ಟರ್. ಪಟ್ಟಿಯಲ್ಲಿದ್ದ ಆಂಟಿಬಯಾಟಿಕ್‌ಗಳಲ್ಲಿ ಉಳಿದಿದ್ದು ಕೊಲಿಸ್ಟಿನ್ ಒಂದೇ. ಕಿಡ್ನಿಗೆ ಪೆಟ್ಟು ಕೊಡುತ್ತೆ ಅಂತ ಹಿಂದೊಮ್ಮೆ ಡಾಕ್ಟರುಗಳೇ ಬದಿಗಿಟ್ಟಿದ್ದ ಹಳೇ ಔಷಧಿ.

ನಾನು ರಾತ್ರಿಯಿಡೀ ಗೂಗಲ್ ಮಾಡಿ ಬೆಳಿಗ್ಗೆ ಹೋಗಿ ಹೇಳಿದೆ: "ಮೇಡಂ, ಇಂಜೆಕ್ಷನ್ ನಿಲ್ಲಿಸಿ. ನೆಬ್ಯುಲೈಸರ್‌ನಲ್ಲಿ ನೇರ ಶ್ವಾಸಕೋಶಕ್ಕೇ ಕೊಡಿ. ಕಿಡ್ನಿ ಉಳಿಯುತ್ತೆ." ಎಷ್ಟು ಸರಳ ಅಲ್ವಾ!

ಅವರು ಎಕ್ಸ್‌ರೇ ತೋರಿಸಿದ್ರು. ಬೆಳ್ಳಗಿರೋ ಭಾಗದಲ್ಲಿ ಕೀವು ತುಂಬಿದೆ, ಅಲ್ಲಿಗೆ ಗಾಳಿಯೇ ಹೋಗ್ತಿಲ್ಲ. ಗಾಳಿ ಹೋಗದ ಕಡೆ ಔಷಧಿಯ ಮಂಜು ಹೇಗೆ ಹೋಗುತ್ತೆ? ರಕ್ತದ ದಾರಿಯೂ ಬೇಕು.

ಆಮೇಲೆ ಸರಿಯಾಗಿ ಓದಿದೆ. 2020ರಲ್ಲಿ ಪ್ರಕಟವಾದ ಇನ್‌ಹೇಲ್ ಅನ್ನೋ ದೊಡ್ಡ ಪ್ರಯೋಗದಲ್ಲಿ ಎಲ್ಲರಿಗೂ ಮಾಮೂಲಿ ಇಂಜೆಕ್ಷನ್, ಜೊತೆಗೆ ಅರ್ಧ ಜನಕ್ಕೆ ಅಮಿಕಾಸಿನ್ ಮಂಜು, ಉಳಿದವರಿಗೆ ಬರೀ ಸಲೈನ್ ಮಂಜು. ಬದುಕುಳಿದವರು ಔಷಧಿಯ ಗುಂಪಿನಲ್ಲಿ 75%, ಸಲೈನ್ ಗುಂಪಿನಲ್ಲಿ 77%. ಹೀಗೆ ಕೊಟ್ಟರೆ ಕಫದಲ್ಲಿ ಔಷಧಿಯ ಮಟ್ಟ ಸಿಕ್ಕಾಪಟ್ಟೆ ಏರುತ್ತೆ ಅನ್ನೋದು ಮೊದಲೇ ಗೊತ್ತಿತ್ತು. ಡ್ಯಾಶ್‌ಬೋರ್ಡ್ ಎಲ್ಲ ಹಸಿರು, ಪ್ರೊಡಕ್ಷನ್ ಮಾತ್ರ ಡೌನ್. ನಮಗೆ ಗೊತ್ತಿಲ್ಲದ್ದಾ?

ಆದರೆ 2023ರ ಫ್ರಾನ್ಸಿನ ಪ್ರಯೋಗ ಬೇರೆ ಕಥೆ. ಮೂರು ದಿನ ವೆಂಟಿಲೇಟರ್‌ನಲ್ಲಿದ್ದು, ಇನ್ನೂ ನ್ಯುಮೋನಿಯಾ ಬರದವರಿಗೆ ಮೂರು ದಿನ ಅಮಿಕಾಸಿನ್ ಉಸಿರಲ್ಲಿ ಕೊಟ್ಟರು. 28 ದಿನಗಳಲ್ಲಿ ನ್ಯುಮೋನಿಯಾ ಬಂದಿದ್ದು 15% ಜನಕ್ಕೆ, ಕೊಡದವರಲ್ಲಿ 22%. ಸಾವು ಕಡಿಮೆಯಾಯ್ತು ಅಂತ ಅದು ತೋರಿಸಿಲ್ಲ, ಆದರೂ ತಡೆಯೋದರಲ್ಲಿ ಮಂಜಿಗೆ ಬೆಲೆ ಇದೆ. ಆಗ ಶ್ವಾಸಕೋಶ ಇನ್ನೂ ಗಟ್ಟಿಯಾಗಿರಲ್ಲ, ಗಾಳಿ ಓಡಾಡುತ್ತೆ. ಇದು ನನ್ನ ಲೆಕ್ಕ.

ಅಪ್ಪನಿಗೆ ಕೊನೆಗೆ ಎರಡೂ ದಾರಿಯಲ್ಲಿ ಕೊಲಿಸ್ಟಿನ್ ಕೊಟ್ಟರು. ಬೇರೆ ಔಷಧಿಗೆ ಬಗ್ಗದ ಕ್ರಿಮಿ ಇದ್ದಾಗ ಹೀಗೆ ಮಾಡಿ ಅಂತ 2016ರ ಅಮೆರಿಕದ ಮಾರ್ಗಸೂಚಿಯೂ ಹೇಳುತ್ತೆ. ಸಿಸ್ಟರ್ ಪ್ರತಿ ಸಲ ವೆಂಟಿಲೇಟರ್‌ನ ಫಿಲ್ಟರ್ ಬದಲಿಸೋರು, ಇಲ್ಲದಿದ್ದರೆ ಔಷಧಿ ಅಂಟಿ ಕಟ್ಟಿಕೊಳ್ಳುತ್ತೆ. ಅಮ್ಮ ದಿನಾ ಸಂಜೆ ಕೇಳೋಳು, "ಇವತ್ತು ಕ್ರಿಯಾಟಿನಿನ್ ಎಷ್ಟಂತೋ?" ಏರಿತು, ಆಮೇಲೆ ಇಳಿಯಿತು.

ನಿಮ್ಮವರು ಯಾರಾದ್ರೂ ಐಸಿಯುನಲ್ಲಿದ್ರೆ ನನ್ನ ಹಾಗೆ ಔಷಧಿ ಬರೆದುಕೊಡೋಕೆ ಹೋಗಬೇಡಿ. ಕಲ್ಚರ್‌ನಲ್ಲಿ ಯಾವ ಕ್ರಿಮಿ, ಯಾವುದಕ್ಕೆ ಬಗ್ಗುತ್ತೆ, ಕಿಡ್ನಿ ಹೇಗಿದೆ ಅಂತ ಕೇಳಿ.

ಟ್ಯೂಬ್ ತೆಗೆದ ದಿನ ನಾನೂ ಕೇಳಿದೆ, "ಮೇಡಂ, ಕೆಲಸ ಮಾಡಿದ್ದು ಇಂಜೆಕ್ಷನ್ನಾ, ಮಂಜಾ?"

"ಒಬ್ಬ ಪೇಷಂಟ್ ನೋಡಿ ಅದನ್ನ ಹೇಳೋಕಾಗಲ್ಲ," ಅಂದ್ರು.