ಜಗಳವನ್ನು ಹೊರಗಿಟ್ಟ ಸಾರ್ಕ್, ಜಗಳವನ್ನೇ ಮೇಜಿಗೆ ತಂದ ಕಾವೇರಿ

(ನಂಜನಗೂಡಿನ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಏಷ್ಯಾದ ಭದ್ರತೆ ಮತ್ತು ನೆರೆ ರಾಷ್ಟ್ರಗಳ ಸಹಕಾರದ ಕುರಿತು ಮಾತನಾಡಲು ನಂಜನಗೂಡಿಗೆ ಹೊರಟಿದ್ದೇನೆ ಎಂದಾಗ ಸ್ನೇಹಿತರೊಬ್ಬರು ನಕ್ಕರು. ಅಂಗಡಿ, ಸಾಲ, ಮಕ್ಕಳ ಓದು ಎಂಬ ಚಿಂತೆಗಳಲ್ಲಿರುವ ಜನರಿಗೆ ಶೃಂಗಸಭೆಗಳ ಕತೆ ಏಕೆ ಎಂಬುದು ಅವರ ಪ್ರಶ್ನೆ. ಆದ್ದರಿಂದ ನಿಮ್ಮ ಊರಿನ ನದಿಯಿಂದಲೇ ಆರಂಭಿಸುತ್ತೇನೆ.

ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಬೀಚನಹಳ್ಳಿಯ ಅಣೆಕಟ್ಟು ದಾಟಿ, ನಂಜನಗೂಡನ್ನು ಹಾದು, ಟಿ. ನರಸೀಪುರದಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ತಮಿಳುನಾಡಿನ ಗದ್ದೆಗಳಿಗೂ ಪುದುಚೇರಿಯ ಕಾರೈಕಾಲಿಗೂ ಆ ನೀರಿನಲ್ಲಿ ಪಾಲಿದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಮೈಸೂರು-ನಂಜನಗೂಡು ಹೆದ್ದಾರಿಯ ಮೇಲೆ ನೀರು ನಿಂತಿದ್ದನ್ನು ನೀವು ಕಂಡಿದ್ದೀರಿ. ಆ ನೀರು ಬಂದದ್ದು ವಯನಾಡಿನ ಮಳೆಯಿಂದ. ನೆರೆಯವನ ಮೋಡ ನಮ್ಮ ಮನೆಯ ಅಂಗಳಕ್ಕೆ ಪ್ರವಾಹವನ್ನು ತರಬಲ್ಲುದು ಎಂದು ಈ ಎರಡು ತಾಲೂಕುಗಳ ಜನರಿಗೆ ಯಾವ ರಾಜತಂತ್ರಜ್ಞನೂ ಕಲಿಸಬೇಕಾಗಿಲ್ಲ.

ಈಗ ಬೆಂಗಳೂರಿಗೆ ಬರೋಣ. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಏಳು ರಾಷ್ಟ್ರಗಳು ಸೇರಿ ಸಾರ್ಕ್ ಅನ್ನು ಸ್ಥಾಪಿಸಿದವು. ಅದರ ಎರಡನೆಯ ಶೃಂಗಸಭೆ 1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ನಡೆಯಿತು. ರಾಜೀವ್ ಗಾಂಧಿ, ಪಾಕಿಸ್ತಾನದ ಪ್ರಧಾನಿ ಮುಹಮ್ಮದ್ ಖಾನ್ ಜುನೇಜೊ, ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಒಂದೇ ಸಾಲಿನಲ್ಲಿ ಕುಳಿತರು. ಕಠ್ಮಂಡುವಿನಲ್ಲಿ ಸಚಿವಾಲಯ ತೆರೆಯುವ ಒಪ್ಪಂದವಾದದ್ದು ಅಲ್ಲಿಯೇ. ಆದರೆ ಸಾರ್ಕ್‌ನ ಸನ್ನದಿನ 10ನೆಯ ವಿಧಿಯನ್ನು ಓದಿ ನೋಡಿ. ನಿರ್ಣಯಗಳೆಲ್ಲವೂ ಸರ್ವಾನುಮತದಿಂದ ಆಗಬೇಕು. ದ್ವಿಪಕ್ಷೀಯ ಮತ್ತು ವಿವಾದಾಸ್ಪದ ವಿಷಯಗಳನ್ನು ಚರ್ಚೆಗೆ ತರಕೂಡದು. ಸಣ್ಣ ರಾಷ್ಟ್ರಗಳೆಲ್ಲ ಸೇರಿ ತನ್ನ ಮೇಲೆ ಬೀಳಬಹುದೆಂಬ ಅಳುಕು ಭಾರತಕ್ಕಿತ್ತು. ಭಾರತ ಎಲ್ಲರನ್ನೂ ನುಂಗಬಹುದೆಂಬ ಅಳುಕು ಉಳಿದವರಿಗಿತ್ತು. ಇಬ್ಬರ ಭಯವನ್ನೂ ಮುಚ್ಚಿಡಲು ಈ ವಿಧಿ ಅನುಕೂಲವಾಯಿತು.

ಪರಿಣಾಮವೇನಾಯಿತು? ಅದೇ ದಿನಗಳಲ್ಲಿ ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನು ಮಾತುಕತೆಗಾಗಿ ಬೆಂಗಳೂರಿಗೆ ಕರೆತರಲಾಗಿತ್ತು. ಶ್ರೀಲಂಕಾ ಹೊತ್ತಿ ಉರಿಯುತ್ತಿದ್ದ ಪ್ರಶ್ನೆ ಶೃಂಗಸಭೆಯ ಬಾಗಿಲ ಹೊರಗೆ ನಿಂತಿತ್ತು. ಒಳಗೆ ಅದರ ಹೆಸರೆತ್ತಲು ಸನ್ನದಿನ ಅನುಮತಿ ಇರಲಿಲ್ಲ. ಜುನೇಜೊ ಮತ್ತು ರಾಜೀವ್ ಗಾಂಧಿ ಕೈಕುಲುಕಿ ಕೆಲವೇ ವಾರಗಳಲ್ಲಿ, ರಾಜಸ್ಥಾನದ ಗಡಿಯಲ್ಲಿ 'ಬ್ರಾಸ್‌ಟ್ಯಾಕ್ಸ್' ಕವಾಯತಿನ ಕಾರಣದಿಂದ ಎರಡೂ ಸೇನೆಗಳು ಎದುರುಬದುರಾಗಿ ನಿಂತವು. ಆ ಬಿಗುವಿನ ನಡುವೆ 1987ರ ಫೆಬ್ರವರಿಯಲ್ಲಿ ಜನರಲ್ ಜಿಯಾ ಉಲ್ ಹಕ್ ಕ್ರಿಕೆಟ್ ನೋಡುವ ನೆಪದಲ್ಲಿ ಜೈಪುರಕ್ಕೆ ಬರಬೇಕಾಯಿತು. ಏಳು ರಾಷ್ಟ್ರಗಳ ಸಂಘಟನೆಗೆ ಇಲ್ಲದ ಅವಕಾಶ ಕ್ರಿಕೆಟ್ ಮೈದಾನಕ್ಕೆ ಇತ್ತು!

ಇಂತಹ ಮೈತ್ರಿಯ ಗತಿಯನ್ನು ಈ ನೆಲ ಇನ್ನೂರು ವರ್ಷಗಳ ಹಿಂದೆಯೇ ಕಂಡಿದೆ. 1780ರಲ್ಲಿ ಹೈದರ್ ಅಲಿ, ಮರಾಠರು ಮತ್ತು ನಿಜಾಮ ಇಂಗ್ಲಿಷ್ ಕಂಪನಿಯ ವಿರುದ್ಧ ಒಂದಾದರು. ತುಂಗಭದ್ರಾ-ಕೃಷ್ಣೆಯರ ನಡುವಣ ಸೀಮೆಯ ಬಗ್ಗೆ ಮೈಸೂರಿಗೂ ಮರಾಠರಿಗೂ ಇದ್ದ ಹಗೆತನ ಯುದ್ಧದ ಅವಸರದಲ್ಲಿ ಬದಿಗೆ ಸರಿಯಿತೇ ಹೊರತು ಅಳಿಯಲಿಲ್ಲ. ಕಂಪನಿ ಗುಂಟೂರನ್ನು ಹಿಂದಿರುಗಿಸಿ ನಿಜಾಮನನ್ನು ತಣ್ಣಗಾಗಿಸಿತು. 1782ರಲ್ಲಿ ಸಾಲ್ಬಾಯಿಯಲ್ಲಿ ಮರಾಠರೊಡನೆ ಪ್ರತ್ಯೇಕ ಸಂಧಿ ಮಾಡಿಕೊಂಡಿತು. ಮೈಸೂರು ಏಕಾಂಗಿಯಾಯಿತು. 1785ರಿಂದ 1787ರವರೆಗೆ ಟಿಪ್ಪು ಸುಲ್ತಾನ್ ಮತ್ತು ಮರಾಠರು ತಮ್ಮತಮ್ಮಲ್ಲೇ ಹೊಡೆದಾಡಿದರು. 1790ರಲ್ಲಿ ಅದೇ ಮರಾಠರು, ಅದೇ ನಿಜಾಮ ಕಂಪನಿಯ ಪಾಳೆಯದಲ್ಲಿದ್ದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಸುಲ್ತಾನನ ಇಬ್ಬರು ಮಕ್ಕಳು ಒತ್ತೆಯಾಳುಗಳಾದರು. ನಾವು ಟಿಪ್ಪುವಿನ ಶೌರ್ಯವನ್ನು ಕೊಂಡಾಡುತ್ತೇವೆ. ನೆರೆಯವರೊಡನೆ ವ್ಯಾಜ್ಯ ಬಗೆಹರಿಯದೆ ಉಳಿದುದರ ಬೆಲೆಯನ್ನು ಅಷ್ಟಾಗಿ ಲೆಕ್ಕ ಹಾಕುವುದಿಲ್ಲ.

ಮನೆಯವರ ಜಗಳಕ್ಕೆ ಮನೆಯಲ್ಲೇ ಜಾಗವಿಲ್ಲದಿದ್ದರೆ ಹೊರಗಿನವನು ಪಂಚಾಯಿತಿಗೆ ಬರುತ್ತಾನೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿ ನಿರಪರಾಧಿಗಳ ಕೊಲೆಯಾಯಿತು. ಆ ಕೃತ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಮರುದಿನವೇ ಭಾರತವು 1960ರ ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿಯಿತು. 1965, 1971 ಮತ್ತು 1999ರ ಯುದ್ಧಗಳಲ್ಲೂ ನಿಲ್ಲದಿದ್ದ ಒಪ್ಪಂದವದು. ಮೇ ತಿಂಗಳಲ್ಲಿ ನಾಲ್ಕು ದಿನ ಕ್ಷಿಪಣಿಗಳೂ ಡ್ರೋನ್‌ಗಳೂ ಹಾರಾಡಿದವು. ಕದನವಿರಾಮದ ಸುದ್ದಿಯನ್ನು ಜಗತ್ತಿಗೆ ಮೊದಲು ಹೇಳಿದವರು ಅಮೆರಿಕದ ಅಧ್ಯಕ್ಷರು. ಸಾರ್ಕ್ ಎಲ್ಲಿತ್ತು? ಅದರ ಕೊನೆಯ ಶೃಂಗಸಭೆ ನಡೆದದ್ದು 2014ರಲ್ಲಿ, ಕಠ್ಮಂಡುವಿನಲ್ಲಿ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ನಡೆಯಬೇಕಿದ್ದ ಸಭೆ ಉರಿ ದಾಳಿಯ ಬಳಿಕ ರದ್ದಾಯಿತು.

ಇನ್ನೊಂದು ಮಾತು. 1992ರಲ್ಲಿ ಆರಂಭವಾದ ಸಾರ್ಕ್ ವೀಸಾ ವಿನಾಯಿತಿ ಗಣ್ಯರಿಗೆ, ಸಂಸದರಿಗೆ, ನ್ಯಾಯಾಧೀಶರಿಗೆ, ಪತ್ರಕರ್ತರಿಗೆ ದೊರೆಯುತ್ತಿತ್ತು. ಗಡಿಯಾಚೆ ಅಕ್ಕನನ್ನೋ ಚಿಕ್ಕಪ್ಪನನ್ನೋ ಬಿಟ್ಟಿರುವ ಸಾಮಾನ್ಯ ಕುಟುಂಬ ಆ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ಪಹಲ್ಗಾಮ್‌ನ ಬಳಿಕ ಪಾಕಿಸ್ತಾನದವರಿಗೆ ಅದೂ ರದ್ದಾಯಿತು.

ಇದರ ಎದುರು ನಿಮ್ಮ ನದಿಯನ್ನು ಇಟ್ಟು ನೋಡಿ. ಕಾವೇರಿಯ ಇತಿಹಾಸವೇನೂ ಮಧುರವಾಗಿಲ್ಲ. ನ್ಯಾಯಾಧಿಕರಣ ರಚನೆಯಾದದ್ದು 1990ರಲ್ಲಿ. ಮರುವರ್ಷ ಅದರ ಮಧ್ಯಂತರ ಆದೇಶದ ಬಳಿಕ ಬೆಂಗಳೂರಿನಲ್ಲೂ ಈ ಭಾಗದಲ್ಲೂ ತಮಿಳು ಬಡವರ ಮೇಲೆ ನಡೆದ ಹಲ್ಲೆಯನ್ನು ನೆನೆದರೆ ಇಂದಿಗೂ ತಲೆ ತಗ್ಗುತ್ತದೆ. 2007ರಲ್ಲಿ ಅಂತಿಮ ತೀರ್ಪು ಬಂತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಸಾಮಾನ್ಯ ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಹರಿಯಬೇಕೆಂದಿತು. ಅದೇ ವರ್ಷದ ಜೂನ್‌ನಲ್ಲಿ ಪ್ರಾಧಿಕಾರ ರಚನೆಯಾಯಿತು. ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿ ನಾಲ್ಕೂ ಅದರಲ್ಲಿವೆ. ಯಾವ ಜಲಾಶಯದಲ್ಲಿ ಎಷ್ಟು ನೀರಿದೆ ಎಂಬ ಲೆಕ್ಕ ಅಲ್ಲಿ ಎಲ್ಲರ ಮುಂದಿರುತ್ತದೆ. ಜಗಳವಾಡುವುದೇ ಆ ಸಭೆಯ ಕೆಲಸ.

ಪ್ರಾಧಿಕಾರವನ್ನು ಹೊಗಳಲು ನಾನು ಬಂದಿಲ್ಲ. 2023ರ ಬರದಲ್ಲಿ ನೀರು ಬಿಡಬೇಕೆಂಬ ಆದೇಶ ಬಂದಾಗ ಇಲ್ಲಿನ ರೈತರು ಬೀದಿಗಿಳಿದರು; ಸೆಪ್ಟೆಂಬರ್ 26ರಂದು ಬೆಂಗಳೂರು, 29ರಂದು ಕರ್ನಾಟಕ ಬಂದ್ ಆಯಿತು. ಆ ರೈತರ ಸಂಕಟ ನಿಜವಾದುದು. ಆದರೆ 1991ರ ರಕ್ತಪಾತ ಮರುಕಳಿಸಲಿಲ್ಲ. ಕೋಪವನ್ನು ಕೊಂಡೊಯ್ಯಲು ಒಂದು ಮೇಜು, ಒಂದು ನ್ಯಾಯಾಲಯ ಇತ್ತು. ರಾಷ್ಟ್ರಗಳ ನಡುವೆ ಇಂತಹ ನ್ಯಾಯಾಲಯವಿಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ಇಂಡೋನೇಷ್ಯಾ ಮತ್ತು ಮಲೇಷ್ಯಾ ಎರಡು ದ್ವೀಪಗಳ ವ್ಯಾಜ್ಯವನ್ನು ತಾವಾಗಿಯೇ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದು 2002ರ ತೀರ್ಪಿಗೆ ತಲೆಬಾಗಿದವು. ಸೋತದ್ದು ದೊಡ್ಡ ರಾಷ್ಟ್ರವಾದ ಇಂಡೋನೇಷ್ಯಾ.

ಭಾರತ ಮತ್ತು ಬಾಂಗ್ಲಾದೇಶಗಳು ಗಂಗೆಯ ನೀರಿಗಾಗಿ 1996ರ ಡಿಸೆಂಬರ್ 12ರಂದು ಮಾಡಿಕೊಂಡ ಒಪ್ಪಂದದ ಅವಧಿ 30 ವರ್ಷ. ಅದು 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಕಬಿನಿ ಹುಟ್ಟುವ ಕೇರಳಕ್ಕೆ ಕಾವೇರಿಯ ಮೇಜಿನಲ್ಲಿ ಕುರ್ಚಿಯಿದೆ. ಕೋಸಿ, ಗಂಡಕಿಗಳನ್ನು ಗಂಗೆಗೆ ಕಳಿಸುವ ನೇಪಾಳಕ್ಕೆ 1996ರ ಆ ಒಪ್ಪಂದದಲ್ಲಿ ಕುರ್ಚಿ ಇರಲಿಲ್ಲ.